ಪಾರ್ಕಿನಲ್ಲಿ ನವರಂಗ ಕೂಗಿದ ಸಂಜೆ

ಅಪ್ಪನ ಕಸುಬಿಗೆ ಹೆಸರಿರಲಿಲ್ಲ. ಸ್ಕೂಲಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಗೆರೆ ಇರುತ್ತಿತ್ತಲ್ಲ, ಅಲ್ಲಿ ನಾನು ಒಂದು ವರ್ಷ 'ಬೇಸಾಯ' ಅಂತ ಬರೆದರೆ ಇನ್ನೊಂದು ವರ್ಷ 'ಕೊಬ್ಬರಿ ವ್ಯಾಪಾರ' ಅಂತ ಬರೆಯುತ್ತಿದ್ದೆ. ಎರಡೂ ಪೂರ್ತಿ ನಿಜವಲ್ಲ. ಅಪ್ಪ ಕಾಯಿ ಅಲ್ಲಾಡಿಸಿ ಕೇಳುವವರು. ಹಾಗಂತ ಬರೆದರೆ ಮೇಷ್ಟ್ರು ಬೆತ್ತ ತೆಗೆಯುತ್ತಿದ್ದರು.

ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗುತ್ತದೆ. ಅದಕ್ಕೇ ಗಿಟುಕು ಅನ್ನುವುದು. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೇ ಅಂಟಿಕೊಂಡು ಚೂರುಚೂರಾಗುತ್ತದೆ. ತಡ ಮಾಡಿದರೆ ಬೂಷ್ಟು ಹಿಡಿದು ಹುಳ ಬೀಳುತ್ತದೆ. ಸರಿಯಾದ ಹೊತ್ತು ಯಾವುದು ಅಂತ ಹೇಳಲು ಕಣ್ಣು ಸಾಲದು, ಕಿವಿ ಬೇಕು. ಕಾಯನ್ನು ಕಿವಿಗೆ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಚೆನ್ನಾಗಿ ಬಿಟ್ಟ ಗಿಟುಕು ಗಡಗಡ ಅನ್ನುತ್ತದೆ, ಅದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಅದಕ್ಕೂ ಮುಂಚೆ, ತಿರುಳು ಒಂದು ಕಡೆ ಮಾತ್ರ ಬಿಟ್ಟಿರುವಾಗ, ಒಂದು ಸಣ್ಣ ಸದ್ದು ಬರುತ್ತದಂತೆ. ಅದು ಅಪ್ಪನಿಗೆ ಕೇಳುತ್ತಿತ್ತು. ಆ ಸದ್ದು ಬಂದ ದಿನದಿಂದ ಲೆಕ್ಕ ಹಾಕಿ ಇಂಥ ವಾರ ಅಟ್ಟ ಇಳಿಸಿ ಅಂತ ಅಪ್ಪ ಹೇಳುತ್ತಿದ್ದರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಎಷ್ಟೋ ಮನೆಗಳಲ್ಲಿ ಅಪ್ಪ ಬಂದು ಹೇಳದೆ ಅಟ್ಟ ಇಳಿಸುತ್ತಿರಲಿಲ್ಲ. ಅಪ್ಪ ಏಣಿ ಹತ್ತಿದರೆ ಕೆಳಗೆ ಒರಳುಕಲ್ಲು ನಿಲ್ಲುತ್ತಿತ್ತು. ಅಳುವ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಮೇಲೆ ಅಪ್ಪ ಕಣ್ಣು ಮುಚ್ಚಿ, ಕಾಯನ್ನು ಕಿವಿಗಿಟ್ಟು, ದೇವರ ಮುಂದೆ ಕೂತವರ ಹಾಗೆ ಕೂರುತ್ತಿದ್ದರು. ಆಮೇಲೆ ಒಂದೇ ಮಾತು. 'ಬಿಟ್ಟೈತೆ' ಅಥವಾ 'ಇನ್ನೂ ಇಲ್ಲ'. ಅದರ ಮೇಲೆ ಅಪೀಲಿಲ್ಲ.

ಇಂಥ ಕಿವಿಯವರ ಮಗಳಾಗಿ ಹುಟ್ಟುವುದು ಒಂದು ಶಿಕ್ಷೆ. ನಾನೂ ಅವ್ವನೂ ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದು ಜಗಲಿಯಲ್ಲಿ ಕೂತ ಅಪ್ಪನಿಗೆ ಕೇಳುತ್ತಿತ್ತು. ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬಂದರೆ ಡಬ್ಬಿ ತುಂಬಿದೆಯೋ ಖಾಲಿಯೋ ಅಂತ ಹೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. 'ನಿಮ್ಮ ಕಿವೀಗೊಂದು ಬೀಗ ಹಾಕ್ಕೊಳ್ರಪ್ಪ' ಅಂತ ಎಷ್ಟು ಸಲ ಅಂದಿದ್ದೆನೋ. ಆ ಮಾತು ನೆನಪಾದಾಗೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೆಲಸವೂ ಇಲ್ಲ, ಗಂಡೂ ಗೊತ್ತಾಗಿಲ್ಲ. ಸಂಜೆ ಅಪ್ಪನ ಜೊತೆ ಮುನ್ಸಿಪಾಲಿಟಿ ಪಾರ್ಕಿಗೆ ಹೋಗುವುದೊಂದೇ ನನ್ನ ಹೊರಸಂಚಾರ. ಪಾರ್ಕು ಅಂದರೆ ಏನು ಮಹಾ, ನಾಲ್ಕು ಸಿಮೆಂಟು ಬೆಂಚು, ಹೊಂಗೆಮರಗಳು, ಮೂಲೆಯಲ್ಲಿ ಯಾರೂ ಕಡಿಯದ ಒಂದು ಬಿದಿರುಮೆಳೆ, ನಡುವೆ ರೇಡಿಯೊ ಮಂಟಪ. ಆರು ಗಂಟೆಗೆ ಮಾಲಿ ಮಂಟಪದ ಬೀಗ ತೆಗೆದು ರೇಡಿಯೊ ಹಾಕುತ್ತಿದ್ದ. ಕಂಬದ ಮೇಲಿನ ಲೌಡ್‌ಸ್ಪೀಕರು ಕೆಮ್ಮಿ ಕೆಮ್ಮಿ ಮಾತಾಡಲು ಶುರುಮಾಡುತ್ತಿತ್ತು. ಅದಕ್ಕೆಂದೇ ಬರುವ ಮುದುಕರು ಐದಾರು ಮಂದಿ ಇದ್ದರು.

ಆ ವರ್ಷ ದಸರಾ ಕಳೆದ ಮೇಲೆ ಒಂದು ಸಂಜೆ ಅಪ್ಪ ಪಾರ್ಕಿನ ಗೇಟಿನಲ್ಲೇ ನಿಂತುಬಿಟ್ಟರು. 'ಶ್' ಅಂದರು. ಬಿದಿರುಮೆಳೆಯ ಕಡೆಯಿಂದ ಯಾರೋ ಸಿಳ್ಳೆ ಹಾಕಿದಂತಾಯಿತು. ಎರಡೇ ಸ್ವರ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಸ್ವಲ್ಪ ಬಿಟ್ಟು ಮತ್ತೆ.

'ಇದು ನಮ್ಮ ಸೀಮೆ ಹಕ್ಕಿ ಅಲ್ಲ ಕಣವ್ವ,' ಅಂದರು ಅಪ್ಪ. 'ಐವತ್ತು ವರ್ಷದಾಗೆ ನಾನು ಈ ದನಿ ಕೇಳಿಲ್ಲ.'

ಮಾಲಿ ಪೊರಕೆ ಹಿಡಿದುಕೊಂಡೇ ಬಂದ. 'ಅದಾ? ನಾಕು ದಿನದಿಂದ ಕೂಗ್ತೈತೆ ಬುಡಿ ಯಜಮಾನ್ರೇ. ಸರಿಯಾಗಿ ಆರು ಗಂಟೆಗೆ. ನಂಗೆ ಗಡಿಯಾರನೇ ಬ್ಯಾಡ.'

ಸದ್ದು ಕೇಳಿದ ಮೇಲೆ ಆ ಸದ್ದಿನ ಒಡೆಯನನ್ನು ನೋಡದೆ ಬಿಡುವ ಜಾತಿ ಅಪ್ಪನದಲ್ಲ. ಮೂರು ಸಂಜೆ ಮೆಳೆಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ನನಗೆ ಸೊಳ್ಳೆ ಕಚ್ಚಿ ಕಾಲೆಲ್ಲ ದದ್ದು. ಮೂರನೆಯ ಸಂಜೆ ಒಣ ಎಲೆ ಸರಕ್ ಅಂದಿತು. ಮೈನಾದಷ್ಟು ದಪ್ಪದ ಒಂದು ಹಕ್ಕಿ ನೆಲದ ಮೇಲೆ ಕುಪ್ಪಳಿಸುತ್ತಾ ಎಲೆ ಮಗುಚಿ ಹುಳ ಹೆಕ್ಕುತ್ತಿತ್ತು. ಬೆನ್ನು ಹಸಿರು, ಎದೆ ತೊಗರಿಬೇಳೆ ಬಣ್ಣ, ರೆಕ್ಕೆಯ ಮೇಲೆ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕುಂಕುಮ. ಬಾಲ ಮಾತ್ರ ಮೊಂಡು, ಯಾರೋ ಕತ್ತರಿಸಿ ಕಳಿಸಿದ ಹಾಗೆ. ಅಪ್ಪ ನನ್ನ ಕೈ ಹಿಡಿದುಕೊಂಡರು. ನಾನು ದೊಡ್ಡವಳಾದ ಮೇಲೆ ಅಪ್ಪ ನನ್ನ ಕೈ ಹಿಡಿದದ್ದು ಅದೇ ಮೊದಲು. 'ಅಬ್ಬಬ್ಬಾ, ಏನ್ ಬಣ್ಣ ಕಣೇ ಇದು!' ಅಂದರು.

ಲೈಬ್ರರಿಯಲ್ಲಿ ಹುಡುಕಿ ಅದರ ಹೆಸರು ನವರಂಗ ಅಂತ ಪತ್ತೆ ಮಾಡಿದೆ. ಉತ್ತರದಿಂದ ಬಂದು ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಹಕ್ಕಿ, ದಾರಿಯಲ್ಲಿ ಅಲ್ಲಲ್ಲಿ ತಂಗುತ್ತದೆ. ಮಾಲಿ ಆ ಮೂಲೆಯಲ್ಲಿ ಕಸ ಗುಡಿಸುವುದನ್ನೇ ಬಿಟ್ಟ. ಎಲೆ ತೆಗೆದರೆ ಅದು ತಿನ್ನುವುದೇನು ಅಂತ. ಅದಕ್ಕಾಗಿ ಮುನ್ಸಿಪಾಲಿಟಿಯವರ ಹತ್ತಿರ ಬೈಸಿಕೊಂಡದ್ದೂ ಉಂಟು. ಮೂರು ವಾರ ಇದ್ದು ಹಕ್ಕಿ ಹೊರಟುಹೋಯಿತು. 'ಬರೋ ದಸರಾ ಕಳೀಲಿ, ಬತ್ತೈತೆ,' ಅಂದರು ಅಪ್ಪ. ವರ್ಷವೆಲ್ಲ ಅದೇ ಜಪ.

ಆ ವರ್ಷದಲ್ಲೇ ಅಪ್ಪನ ಕಿವಿ ಹೋಗತೊಡಗಿತು.

ಮೊದಲು ಹೇಳಿದ್ದು ಅವ್ವ. 'ನಿಮ್ಮಪ್ಪಂಗೆ ಕಿವಿ ಮಂದ ಆಗ್ತೈತೆ ಕಣೇ. ಹಾಲಿನೋನು ಬಾಗಿಲು ಬಡಿದ್ರೂ ಸುಮ್ಕೆ ಕೂತಿರ್ತಾರೆ.'

'ನಿನ್ನ ತಲೆ. ಬೇಕಂತ ಕೂತಿರ್ತಾರೆ, ಏಳೋಕೆ ಸೋಮಾರಿತನ,' ಅಂತ ಗದರಿದೆ. ಗದರಿದೆ ಯಾಕೆಂದರೆ ನನಗೂ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಡಿಗೆಮನೆಯ ಪಿಸುಮಾತು ಈಗ ಜಗಲಿಗೆ ತಲುಪುತ್ತಿರಲಿಲ್ಲ. ಒಂದು ದಿನ ನಾನು ಬೇಕೆಂದೇ ಅಪ್ಪನ ಬೆನ್ನ ಹಿಂದೆ ನಿಂತು ಮೆಲ್ಲಗೆ 'ಅಪ್ಪ' ಅಂದೆ. ಅವರು ತಿರುಗಲಿಲ್ಲ. ನಮ್ಮದು ದೊಡ್ಡ ತೋಟವೇನಲ್ಲ. ಜನ ಅಪ್ಪನಿಗೆ ಎದ್ದು ನಿಲ್ಲುತ್ತಿದ್ದದ್ದು, ಮಣೆ ಹಾಕುತ್ತಿದ್ದದ್ದು ಆ ಕಿವಿಗೆ. ಅದು ಹೋಯಿತು ಅಂತ ಯಾರು ಅವರಿಗೆ ಹೇಳುವುದು? ಅವ್ವ ನಾನು ಹೇಳಲಿ ಅಂತ ಸುಮ್ಮನಿದ್ದಳು. ನಾನು ಅವ್ವ ಹೇಳಲಿ ಅಂತ.

ಮತ್ತೆ ದಸರಾ ಕಳೆಯಿತು. ದಿನಾ ಸಂಜೆ ಐದೂವರೆಗೆ ಅಪ್ಪ ಟವೆಲು ಹೆಗಲಿಗೆ ಹಾಕಿ ರೆಡಿ. ಮೊದಲ ವಾರ ನವರಂಗ ನಿಜವಾಗಿಯೂ ಬಂದಿರಲಿಲ್ಲ. ನಾನು ಒಳಗೊಳಗೇ ಬರದೇ ಇರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅಪ್ಪ ಮೆಳೆಯ ಕೆಳಗೆ ಬಗ್ಗಿ ಎಲೆಗಳನ್ನು ಕಡ್ಡಿಯಿಂದ ಸರಿಸಿ ನೋಡುತ್ತಿದ್ದರು. ಕಿವಿಗೆ ಅಂಗೈ ಕೊಟ್ಟು ನಿಲ್ಲುತ್ತಿದ್ದರು. ಆಮೇಲೆ ರೇಡಿಯೊ ಮೇಲೆ ಸಿಟ್ಟು ಬಂತು.

'ಅದು ಕೂಗೋ ಹೊತ್ಗೆ ಸರಿಯಾಗಿ ಇದು ಬಡ್ಕೊಳ್ತೈತೆ. ಎಲ್ಲಿ ಕೇಳಬೇಕು?' ಅಂತ ಮಾಲಿಯ ಹತ್ತಿರ ಹೋದರು. 'ಕಾಲು ಗಂಟೆ ತಡವಾಗಿ ಹಾಕೋ ಮಾರಾಯ. ಲೋಕ ಏನ್ ಮುಳುಗೋಗಲ್ಲ.'

ಮುದುಕರು ಗೊಣಗಿದರು. ಆದರೂ ಒಪ್ಪಿದರು. ಅವರಲ್ಲಿ ಇಬ್ಬರ ಮನೆಯ ಅಟ್ಟಕ್ಕೆ ಅಪ್ಪನೇ ಕಿವಿ.

ಮಾರನೆಯ ಸಂಜೆ ಆರು ಹೊಡೆಯುವ ಹೊತ್ತಿಗೆ ಪಾರ್ಕು ಅಟ್ಟದ ಕೆಳಗಿನ ಮನೆಯಂತೆ ಗಪ್‌ಚಿಪ್ಪಾಯಿತು. ಅಪ್ಪ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಮಾಲಿ ಬೀಗದ ಕೈ ಹಿಡಿದು ಮಂಟಪದ ಮೆಟ್ಟಿಲ ಮೇಲೆ ನಿಂತಿದ್ದ. ನಾನು ಅಪ್ಪನ ಪಕ್ಕದಲ್ಲಿದ್ದೆ.

ನವರಂಗ ಕೂಗಿತು.

ಬಿದಿರುಮೆಳೆಯಿಂದ ಸ್ಪಷ್ಟವಾಗಿ, ಹೋದ ವರ್ಷದ್ದೇ ಎರಡು ಸ್ವರ. ಮಾಲಿಯ ಮುಖ ಅರಳಿತು. ಬೆರಳೆತ್ತಿ ಆ ಕಡೆ ತೋರಿಸಿದ. ಮತ್ತೆ ಕೂಗಿತು, ಇನ್ನೂ ಹತ್ತಿರ, ಇನ್ನೂ ಜೋರಾಗಿ. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಮಾಲಿ ಅಪ್ಪನನ್ನು ನೋಡಿದ, ಎತ್ತಿದ ಬೆರಳನ್ನು ಮೆಲ್ಲಗೆ ಇಳಿಸಿದ. ಮುದುಕರೊಬ್ಬರು ಬಾಯಿ ತೆರೆದರು. ನಾನು ಕಣ್ಣು ಕೆಂಪಗೆ ಮಾಡಿ ಅವರನ್ನು ನೋಡಿದೆ. ಅವರು ಬಾಯಿ ಮುಚ್ಚಿಕೊಂಡರು. ಹಕ್ಕಿ ಏಳು ಸಲ ಕೂಗಿತು. ಏಳೂ ಸಲ ನಾನು ಲೆಕ್ಕ ಹಾಕಿದೆ, ಇದೇ ಕೊನೆಯದಾಗಲಿ ಅಂತ.

ಅಪ್ಪ ಕಣ್ಣು ತೆರೆದರು. 'ಕೂಗ್ತಾ?'

'ಇಲ್ಲಪ್ಪ,' ಅಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. 'ನಿಂಗೂ ಕೇಳ್ಲಿಲ್ವಾ?'

'ಕೂಗಿದ್ರೆ ತಾನೇ ಕೇಳೋದು. ಈ ವರ್ಷ ಬಂದಿಲ್ಲ ಬುಡಪ್ಪ.' ಗಟ್ಟಿಯಾಗಿ, ಸ್ವಲ್ಪ ಸಿಡುಕಿನಿಂದಲೇ ಹೇಳಿದೆ. ಸಿಡುಕಿನಲ್ಲಿ ಹೇಳಿದ ಸುಳ್ಳು ನಿಜದಂತೆ ಕೇಳುತ್ತದೆ ಅಂತ ನನಗೆ ಗೊತ್ತಿತ್ತು.

ಅಪ್ಪ ಉಸಿರು ಬಿಟ್ಟರು. ಆಮೇಲೆ ನಕ್ಕರು. ದಾರಿಯಲ್ಲಿ ನನಗೆ ಹುರಿದ ಕಡಲೆಕಾಯಿ ಕೊಡಿಸಿ, ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ತಾವೇ ಒಂದೊಂದಾಗಿ ಸುಲಿದು ಕೊಟ್ಟರು. ಹಕ್ಕಿ ಬಾರದಿದ್ದಕ್ಕೆ ಇಷ್ಟು ಹಗುರಾಗುವುದೇಕೆ ಅಂತ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಭಲೇ ಮಗಳು, ಅಪ್ಪನ ಮರ್ಯಾದೆ ಉಳಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಾರನೆಯ ದಿನದಿಂದ ಅಪ್ಪ ಪಾರ್ಕಿಗೆ ಹೋಗುವುದು ಬಿಟ್ಟರು. ಹಕ್ಕಿಯೇ ಬಂದಿಲ್ಲ ಅಂದ ಮೇಲೆ ಅಲ್ಲೇನು ಕೆಲಸ?

ಅದಾದ ವಾರಕ್ಕೆ ಅಪ್ಪ ಬಸ್ಸು ಹತ್ತಿ ಮಾಯಸಂದ್ರದ ಕಡೆ ಹೋದರು. ಅಲ್ಲೊಂದು ಹಳ್ಳಿಯಲ್ಲಿ ಗಂಡ ತೀರಿಕೊಂಡ ಹೆಂಗಸೊಬ್ಬರು ಒಬ್ಬರೇ ತೋಟ ನೋಡಿಕೊಂಡಿದ್ದರು. ಅವರ ಮಾವನ ಕಾಲದಿಂದ ಆ ಮನೆಯ ಅಟ್ಟಕ್ಕೆ ಅಪ್ಪನದೇ ಮಾತು. ಸಾಯಂಕಾಲ ಬಂದು ಅವ್ವನಿಗೆ ಹೇಳುತ್ತಿದ್ದರು, 'ಯಾಕೋ ಈ ಸಲದ ಕಾಯಿ ಇನ್ನೂ ಬಿಟ್ಟಿಲ್ಲ ಕಣೇ. ಒಂದೂ ಸದ್ದು ಮಾಡ್ಲಿಲ್ಲ. ಸಂಕ್ರಾಂತಿ ಆಗ್ಲಿ ಅಂತ ಹೇಳ್ಬಂದೆ.'

ಅವ್ವ ನನ್ನ ಮುಖ ನೋಡಿದಳು. ನಾನು ಅನ್ನದ ತಪ್ಪಲೆ ನೋಡಿದೆ. ಆವತ್ತಾದರೂ ಹೇಳಬಹುದಿತ್ತು. ಹೇಳಿದರೆ ಪಾರ್ಕಿನ ಸುಳ್ಳೂ ಹೊರಗೆ ಬರುತ್ತಿತ್ತು. ಕಾಯಿ ನಿಜವಾಗಿಯೇ ಬಿಟ್ಟಿಲ್ಲದೆಯೂ ಇರಬಹುದಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಹತ್ತು ದಿನ ಹಿಡಿದ ಸೈಕ್ಲೋನ್ ಮಳೆ. ನಮ್ಮ ಮನೆಯ ಹೆಂಚೇ ನಾಲ್ಕು ಕಡೆ ತೊಟ್ಟಿಕ್ಕಿತು.

ಸಂಕ್ರಾಂತಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಆ ಹೆಂಗಸು ಬಂದರು. ಕಂಕುಳಲ್ಲಿ ಒಂದು ಗೋಣಿಚೀಲ. ನೀರು ಕೊಟ್ಟರೆ ಕುಡಿಯಲಿಲ್ಲ. ಚೀಲವನ್ನು ಜಗಲಿಯ ಮೇಲೆ ಸುರಿದರು. ಕಪ್ಪಗೆ ಬೂಷ್ಟು ಹಿಡಿದ ಗಿಟುಕು. ಕೆಲವಕ್ಕೆ ತೂತು ಬಿದ್ದು ಹಿಟ್ಟು ಉದುರುತ್ತಿತ್ತು. ಮುಗ್ಗಲು ನಾತ ಒಳಗಿನವರೆಗೂ ಬಂತು.

ಅವರು ಜಗಳ ಆಡಲಿಲ್ಲ. ಜಗಳ ಆಡಿದ್ದರೆ ನಾನೂ ಸೊಂಟ ಕಟ್ಟಿ ನಿಲ್ಲುತ್ತಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಮಾತಾಡಿದರು. 'ಇಡೀ ಅಟ್ಟ ಹಿಂಗೇ ಆಗೈತೆ ಕಣ್ರೀ. ವರ್ಷದ ಅನ್ನ. ಮಾರೋಕೂ ಇಲ್ಲ, ತಿನ್ನೋಕೂ ಇಲ್ಲ.'

ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. 'ಏನಂತವ್ವ?'

ನಾನು ಬಗ್ಗಿ ಹೇಳಿದೆ. ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಬೇಕಾಯಿತು. 'ಅಟ್ಟ ಎಲ್ಲಾ ಹಾಳಾಯ್ತಂತೆ ಅಪ್ಪ!' ಪಕ್ಕದ ಮನೆಯವರು ಬಾಗಿಲಿಗೆ ಬಂದರು.

'ನಾನೂ ಕಾರ್ತಿಕದಾಗೆ ಅಲ್ಲಾಡ್ಸಿ ನೋಡ್ದೆ,' ಅಂದರು ಆಕೆ. 'ಗಡಗಡ ಅಂತಿತ್ತು. ಆದ್ರೆ ಯಜಮಾನ್ರು ಇಲ್ಲ ಅಂದವ್ರಲ್ಲ, ಅವ್ರ ಕಿವಿ ಮುಂದೆ ನಂದ್ಯಾವ ಕಿವಿ ಅಂತ ಸುಮ್ಕಾದೆ.'

'ಏನಂತೆ?'

ಅದನ್ನೂ ನಾನೇ ಕೂಗಿ ಹೇಳಿದೆ. ಬೀದಿಗೆಲ್ಲ ಕೇಳುವಂತೆ, ಒಂದೊಂದೇ ಮಾತಾಗಿ. ಅಪ್ಪ ಎದ್ದು ಒಳಗೆ ಹೋಗಿ, ಆ ವರ್ಷ ತಡವಾಗಿ ಹಾಕಿದ್ದ ನಮ್ಮ ಅಟ್ಟದಿಂದ ಒಂದು ಕಾಯಿ ತಂದರು. ಆಕೆಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. 'ಸದ್ದು ಬತ್ತೈತಾ?' ಆಕೆ ಹೌದು ಅಂತ ತಲೆ ಆಡಿಸಿದರು. ಅಪ್ಪ ತಮ್ಮ ಕಿವಿಗೆ ಇಟ್ಟುಕೊಂಡರು. ಅಲ್ಲಾಡಿಸಿದರು. ಆ ಕಿವಿಯಿಂದ ಈ ಕಿವಿಗೆ ತಂದರು. ಜಗಲಿಯ ಈ ತುದಿಯಲ್ಲಿ ನಿಂತ ನನಗೆ ಗಡಗಡ ಅಂತ ಕೇಳುತ್ತಿತ್ತು.

ಮಧ್ಯಾಹ್ನದೊಳಗೆ ನಮ್ಮ ಅಟ್ಟದ ಕಾಯೆಲ್ಲ ಗಾಡಿಗೆ ಹೇರಿಸಿ ಆಕೆಯ ಹಳ್ಳಿಗೆ ಕಳಿಸಿದರು. ಆಕೆ ಬ್ಯಾಡಿ ಬ್ಯಾಡಿ ಅಂದರು. ಅವ್ವ ಕೆಳಗಿನಿಂದ ಮಂಕರಿ ಹಿಡಿದಳು. ಗಾಡಿ ಹೋದ ಮೇಲೆ ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

'ಆವತ್ತು ಪಾರ್ಕಲ್ಲಿ ಹಕ್ಕಿ ಕೂಗ್ತಾ?'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ಸಮಯ ಸಿಗಲಿಲ್ಲ. ಹೂಂ ಅಂತ ತಲೆ ಆಡಿಸಿದೆ.

'ಎಷ್ಟು ಸಲ?'

ಏಳು ಬೆರಳು ತೋರಿಸಿದೆ.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅಂದರು, 'ನಂಗೆ ಅನುಮಾನ ಇತ್ತು ಕಣವ್ವ. ಹಕ್ಕಿ ನಿಂಗೆ ಕೇಳಿ ನಂಗೆ ಕೇಳ್ದಿದ್ರೆ ಆವತ್ತಿಂದ ಕಾಯಿ ಮುಟ್ಟಬಾರ್ದು ಅಂದ್ಕೊಂಡೇ ಕೂತಿದ್ದೆ. ನೀನು ಕೂಗ್ಲಿಲ್ಲ ಅಂದೆ.'

ಬೈಯಲಿಲ್ಲ. ಒಂದು ಏಟು ಹಾಕಿದ್ದರೂ ಆಗುತ್ತಿತ್ತು. ಟವೆಲು ಕೊಡವಿ ಎದ್ದು ಒಳಗೆ ಹೋದರು.

ಅಪ್ಪ ಮತ್ತೆ ಕಾಯಿ ಅಲ್ಲಾಡಿಸಲಿಲ್ಲ. ಕರೆಯಲು ಬಂದವರಿಗೆ ತಾವೇ ಹೇಳುತ್ತಿದ್ದರು, 'ನಂಗೆ ಕಿವಿ ಹೋಯ್ತು ಕಣಪ್ಪ, ನೀವೇ ನೋಡ್ಕೊಳಿ.' ನಾನೂ ಅವ್ವನೂ ಹೇಳಲಾರದೆ ವರ್ಷವೆಲ್ಲ ಹೆದರಿದ ಮಾತನ್ನು ಅವರು ಇಷ್ಟು ಸಲೀಸಾಗಿ ಹೇಳಿದರು. ನನ್ನ ಮೇಲೆ ಸಿಟ್ಟನ್ನೇನೂ ತೋರಿಸಲಿಲ್ಲ. ಆದರೆ ಏನನ್ನೂ ನನ್ನನ್ನು ಕೇಳುವುದು ಬಿಟ್ಟರು. ಪೋಸ್ಟ್‌ಮ್ಯಾನ್ ಬಂದನಾ ಅಂತ ಕೇಳಬೇಕಾದರೆ ಅವ್ವನನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು, ನಾನು ಪಕ್ಕದಲ್ಲೇ ಕೂತಿದ್ದರೂ. ಅವ್ವ ಒಂದು ಸಲ 'ಅವಳನ್ನೇ ಕೇಳಬಾರ್ದಾ?' ಅಂದಳು. ಅಪ್ಪ ಕೇಳಿಸದವರಂತೆ ಹೋದರು. ನಿಜವಾಗಿ ಕೇಳಿಸಲಿಲ್ಲವೋ ಏನೋ, ಅದೂ ನನಗೆ ಗೊತ್ತಾಗಲಿಲ್ಲ.

ಮತ್ತೊಂದು ದಸರಾ ಕಳೆಯಿತು. ಒಂದು ಸಂಜೆ ಐದೂವರೆಗೆ ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡರು. ನಾನು ಚಪ್ಪಲಿ ಮೆಟ್ಟಿ ಬರುವಷ್ಟರಲ್ಲಿ ಬೀದಿ ತಿರುವಿನಲ್ಲಿದ್ದರು. ಮಾರನೆಯ ದಿನವೂ ಹಾಗೇ ಹೋದರು. ನಾಲ್ಕನೆಯ ದಿನ ತಡೆಯಲಾರದೆ ಹಿಂದೆಯೇ ಹೋಗಿ ಪಾರ್ಕಿನ ಗೇಟಿನ ಹೊರಗೆ ನಿಂತೆ.

ರೇಡಿಯೊ ಇನ್ನೂ ಹಾಕಿರಲಿಲ್ಲ. ಮುದುಕರು ಸುಮ್ಮನೆ ಕೂತಿದ್ದರು. ಅಪ್ಪ ಅದೇ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು, ಪಕ್ಕದಲ್ಲಿ, ನಾನು ಕೂರುತ್ತಿದ್ದ ಜಾಗದಲ್ಲಿ, ಮಾಲಿ. ಬಿದಿರುಮೆಳೆಯಿಂದ ನವರಂಗ ಕೂಗಿತು. ಮಾಲಿ ಅಪ್ಪನ ಮೊಣಕೈ ಮುಟ್ಟಿದ. ಅಪ್ಪ ಒಂದು ಬೆರಳು ಮಡಚಿದರು. ಮತ್ತೆ ಕೂಗಿತು, ಮಾಲಿ ಮತ್ತೆ ಮುಟ್ಟಿದ, ಅಪ್ಪ ಇನ್ನೊಂದು ಬೆರಳು ಮಡಚಿದರು. ಹೀಗೆ ಐದು ಸಲ. ಆಮೇಲೆ ಮಾಲಿ ಎದ್ದು ಮಂಟಪದ ಬೀಗ ತೆಗೆಯಲು ಹೋದ.

ಅಪ್ಪ ಗೇಟಿನ ಹತ್ತಿರ ಬಂದು ನನ್ನನ್ನು ನೋಡಿ ನಿಂತರು. ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಇದ್ದಷ್ಟೂ ಶಕ್ತಿ ಹಾಕಿ ಕೂಗಿದೆ, 'ಐದು ಸಲ ಕೂಗ್ತು ಅಪ್ಪ! ನಾನೂ ಕೇಳ್ದೆ!'

ಅಪ್ಪ ತಿರುಗಿ ಮಂಟಪದ ಕಡೆ ನೋಡಿ, ಕೈ ಎತ್ತಿ ಐದು ಬೆರಳು ಅಗಲಿಸಿ ಹೌದಾ ಅಂತ ಹುಬ್ಬು ಹಾರಿಸಿದರು. ಮಾಲಿ ಅಲ್ಲಿಂದಲೇ ಹೌದು ಅಂತ ತಲೆ ಆಡಿಸಿದ. ಆಮೇಲೆ ಅಪ್ಪ ನನಗೆ 'ಹೂಂ' ಅಂದು ಮನೆಯ ಕಡೆ ಹೊರಟರು.